ಗೆಟ್: ಅರ್ಥ ಹುಡುಕಬೇಕಾದ್ದು ಅದರ ಮುಂದಿನ ಪದದಲ್ಲಿ

ಇಂಗ್ಲಿಷ್ ನಿಘಂಟಿನಲ್ಲಿ ‘ಗೆಟ್’ ತೆಗೆದು ನೋಡಿದರೆ ಸಿಗು, ಪಡೆ, ತರು, ಆಗು, ತಲುಪು, ಮಾಡಿಸು, ಹಿಡಿ, ಅರ್ಥವಾಗು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಈ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಮಾತಿಗಿಳಿದಾಗ ತಡವರಿಸುತ್ತಾರೆ. ಗೆಟ್ ಒಂಟಿಯಾಗಿ ಹೆಚ್ಚೇನೂ ಹೇಳುವುದಿಲ್ಲ, ಅದರ ಮುಂದೆ ಯಾವ ಜಾತಿಯ ಪದ ಬಂದಿದೆ ಎಂಬುದೇ ಅರ್ಥವನ್ನು ತೀರ್ಮಾನಿಸುತ್ತದೆ. ‘ಗೆಟ್ ಎ ಲೆಟರ್’ ಎಂದರೆ ಪತ್ರ ಬರುವುದು. ‘ಗೆಟ್ ಟಯರ್ಡ್’ ಎಂದರೆ ಸುಸ್ತಾಗುವುದು. ‘ಗೆಟ್ ಹೋಮ್’ ಎಂದರೆ ಮನೆ ಸೇರುವುದು. ‘ಗೆಟ್ ದ ಫ್ಯಾನ್ ರಿಪೇರ್ಡ್’ ಎಂದರೆ ಫ್ಯಾನ್ ರಿಪೇರಿ ಮಾಡಿಸುವುದು. ಮೊದಲನೆಯದರಲ್ಲಿ ವಸ್ತು, ಎರಡನೆಯದರಲ್ಲಿ ಸ್ಥಿತಿ, ಮೂರನೆಯದರಲ್ಲಿ ಜಾಗ, ಕೊನೆಯದರಲ್ಲಿ ವಸ್ತು ಮತ್ತು ಅದಕ್ಕೆ ಆದ ಕೆಲಸ.

ಉಚ್ಚಾರಣೆಯ ಮಾತು ಮೊದಲೇ ಮುಗಿಸಿಬಿಡೋಣ. ‘ಗೆ’ ಹ್ರಸ್ವ. ಎಳೆದರೆ ಅದು ಮನೆ ಮುಂದಿನ ಗೇಟ್ ಆಗುತ್ತದೆ. ಕೊನೆಗೆ ಉಕಾರ ಸೇರಿಸಿ ‘ಗೆಟ್ಟು’ ಎನ್ನುವುದು ನಮ್ಮ ನಾಲಿಗೆಯ ಅಭ್ಯಾಸ, ಅದನ್ನು ಬಿಡಬೇಕು. ಅಮೆರಿಕದವರು ‘ಗೆಟ್ ಇಟ್’ ಅನ್ನುವುದನ್ನು ಬೇಗ ಹೇಳಿದಾಗ ‘ಗೆಡಿಟ್’ ಎಂದು ಕೇಳಿಸುತ್ತದೆ. ಹಾಗೆ ಆಡಲೇಬೇಕೆಂದಿಲ್ಲ, ಕೇಳಿದಾಗ ಗುರುತು ಹತ್ತಿದರೆ ಸಾಕು.

ಮುಂದೆ ವಸ್ತು ಬಂದರೆ: ಸಿಗು, ಬರು, ತಗೋ, ತಂದುಕೊಡು

ಕನ್ನಡದವರು ಹೆಚ್ಚು ಎಡವುವುದು ಇಲ್ಲೇ. ಕನ್ನಡದಲ್ಲಿ ಸಿಗುವ ವಸ್ತು ಕರ್ತೃ, ಯಾರಿಗೆ ಸಿಗುತ್ತದೋ ಆ ಮನುಷ್ಯನಿಗೆ ‘ಗೆ’ ಪ್ರತ್ಯಯ: ‘ನನಗೆ ಕೆಲಸ ಸಿಕ್ಕಿತು’. ಇಂಗ್ಲಿಷ್‌ನ ಗೆಟ್ ಇದನ್ನು ತಿರುವಿ ಹಾಕುತ್ತದೆ. ಮನುಷ್ಯ ಕರ್ತೃವಾಗುತ್ತಾನೆ, ವಸ್ತು ಕರ್ಮವಾಗುತ್ತದೆ: ‘ಐ ಗಾಟ್ ಎ ಜಾಬ್’. ಈ ಸರಳ ವಾಕ್ಯದಲ್ಲಿ ಯಾರೂ ತಪ್ಪುವುದಿಲ್ಲ. ಆದರೆ ವಾಕ್ಯದಲ್ಲಿ ‘ನನಗೆ’ ಎಂಬುದು ಬಾಯಿಬಿಟ್ಟು ಹೇಳದೆ ಉಳಿದಾಗ ಕನ್ನಡದ ಜೋಡಣೆ ಹಾಗೇ ಇಂಗ್ಲಿಷ್‌ಗೆ ಜಾರುತ್ತದೆ. ‘ಸಿಗ್ನಲ್ ಸಿಗ್ತಿಲ್ಲ’ ಎನ್ನುವುದು ‘ಸಿಗ್ನಲ್ ಈಸ್ ನಾಟ್ ಗೆಟಿಂಗ್’ ಆಗುತ್ತದೆ. ‘ಒಳ್ಳೆ ಕಾಫಿಪುಡಿ ಎಲ್ಲಿ ಸಿಗುತ್ತೆ?’ ಎನ್ನುವುದು ‘ವೇರ್ ಗುಡ್ ಕಾಫಿ ಪೌಡರ್ ವಿಲ್ ಗೆಟ್?’ ಆಗುತ್ತದೆ. ಇಂಗ್ಲಿಷ್ ಕಿವಿಗೆ ಇದು ಸಿಗ್ನಲ್ಲೇ ಏನನ್ನೋ ಪಡೆಯಲು ಹೊರಟಂತೆ, ಕಾಫಿಪುಡಿಯೇ ಏನೋ ಕೊಳ್ಳಲು ಹೋದಂತೆ ಕೇಳಿಸುತ್ತದೆ.

ಸರಿಪಡಿಸುವ ದಾರಿ ಹೀಗೆ. ಬಾಯಿ ತೆರೆಯುವ ಮೊದಲು ‘ಯಾರಿಗೆ?’ ಎಂದು ಕೇಳಿಕೊಳ್ಳಿ. ಬಂದ ಉತ್ತರವನ್ನು ವಾಕ್ಯದ ತಲೆಗೆ ಹಾಕಿ, ಆಮೇಲೆ ಗೆಟ್, ಆಮೇಲೆ ವಸ್ತು. ಸಿಗ್ನಲ್ ಸಿಗದಿರುವುದು ನನಗೆ, ಆದ್ದರಿಂದ ‘ಐ ಆ್ಯಮ್ ನಾಟ್ ಗೆಟಿಂಗ್ ಎನಿ ಸಿಗ್ನಲ್’. ಕಾಫಿಪುಡಿ ಬೇಕಿರುವುದೂ ನನಗೇ, ‘ವೇರ್ ಕ್ಯಾನ್ ಐ ಗೆಟ್ ಗುಡ್ ಕಾಫಿ ಪೌಡರ್?’ ಉತ್ತರ ‘ಯಾರಿಗೂ’ ಎಂದಾದರೆ ‘ಯು’ ಬಳಸಿ. ‘ಇಲ್ಲಿ ರಾತ್ರಿ ಹೊತ್ತು ಆಟೊ ಸಿಗಲ್ಲ’ ಎನ್ನಲು ‘ಯು ಕಾಂಟ್ ಗೆಟ್ ಆ್ಯನ್ ಆಟೊ ಹಿಯರ್ ಅಟ್ ನೈಟ್’. ಆ ‘ಯು’ ಎದುರಿಗಿರುವವರನ್ನು ಬೊಟ್ಟು ಮಾಡುವುದಿಲ್ಲ, ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ. ವಸ್ತುವನ್ನೇ ಮೊದಲಿಗೆ ಇಡಬೇಕೆಂಬ ಹಟವಿದ್ದರೆ ಗೆಟ್ ಬಿಟ್ಟು ‘ಅವೇಲಬಲ್’ ತನ್ನಿ.

‘ಬರು’ ಕೂಡ ಇದೇ ಸಾಲಿನದು. ‘ಜ್ವರ ಬಂತು’ ಎನ್ನಲು ‘ಐ ಗಾಟ್ ಎ ಫೀವರ್’, ‘ನನಗೆ ಮೂರು ಮೆಸೇಜ್ ಬಂದವು’ ಎನ್ನಲು ‘ಐ ಗಾಟ್ ತ್ರೀ ಮೆಸೇಜಸ್’. ಲೆಕ್ಕದಲ್ಲೂ ಹೀಗೇ: 7ಕ್ಕೆ 5 ಕೂಡಿಸಿದರೆ 12 ಬರುತ್ತದೆ ಎನ್ನಲು ‘ಯು ಗೆಟ್ ಟ್ವೆಲ್ವ್’.

ಹೋಗಿ ತಗೊಂಡು ಬರುವುದಕ್ಕೂ ಗೆಟ್ ಬೇಕು. ‘ಬ್ರಿಂಗ್’ ಮತ್ತು ಗೆಟ್ ನಡುವಿನ ವ್ಯತ್ಯಾಸ ಇಷ್ಟೇ: ವಸ್ತು ಬರುವವರ ಕೈಯಲ್ಲೋ ಹತ್ತಿರದಲ್ಲೋ ಇದ್ದರೆ ‘ಬ್ರಿಂಗ್’, ಎದ್ದು ಹೋಗಿ ತರಬೇಕಿದ್ದರೆ ಗೆಟ್. ನೆಂಟರಿಗೆ ‘ಬರುವಾಗ ಮಕ್ಕಳನ್ನೂ ಕರ್ಕೊಂಡು ಬನ್ನಿ’ ಎನ್ನಲು ಬ್ರಿಂಗ್. ಮಗನಿಗೆ ‘ಒಳಗಿಂದ ಕನ್ನಡಕ ತಗೊಂಡು ಬಾರೋ’ ಎನ್ನಲು ‘ಗೆಟ್ ಮಿ ಮೈ ಗ್ಲಾಸಸ್’. ಮಗನಿಗೆ ಸಲ್ಲುವ ಈ ದನಿ ಹೋಟೆಲಿನ ಸಪ್ಲೈಯರ್‌ಗೆ ಸಲ್ಲದು. ‘ಗೆಟ್ ಮಿ ಎ ಕಾಫಿ’ ಎಂದರೆ ಏಕವಚನದಲ್ಲಿ ಅಪ್ಪಣೆ ಕೊಟ್ಟಂತೆ. ಅಲ್ಲಿ ‘ಕುಡ್ ಐ ಗೆಟ್ ಎ ಕಾಫಿ, ಪ್ಲೀಸ್?’ ಅಥವಾ ಗೆಟ್ ಬದಲು ‘ಹ್ಯಾವ್’ ಹಾಕಿ ಕೇಳಿ. ಫೋನ್ ರಿಂಗಾದಾಗ, ಬಾಗಿಲು ಬಡಿದಾಗ ಮನೆಯವರು ‘ಐ ವಿಲ್ ಗೆಟ್ ಇಟ್’ ಎಂದರೆ ‘ನಾನು ನೋಡ್ತೀನಿ’ ಎಂದರ್ಥ.

ಮುಂದೆ ಸ್ಥಿತಿ ಬಂದರೆ: ಆಗು

ಲೇಟಾಯ್ತು, ಸುಸ್ತಾಯ್ತು, ಕತ್ತಲಾಯ್ತು. ಇಲ್ಲಿ ಗೆಟ್ ಮತ್ತು ‘ಆಗು’ ಚೆನ್ನಾಗಿ ಹೊಂದಿಕೊಳ್ಳುತ್ತವೆ: ‘ಗೆಟ್ ಲೇಟ್’, ‘ಗೆಟ್ ಟಯರ್ಡ್’, ‘ಗೆಟ್ ಡಾರ್ಕ್’. ಒಂದು ಎಚ್ಚರಿಕೆ: ಕನ್ನಡದಲ್ಲಿ ‘ಕತ್ತಲಾಗ್ತಿದೆ’ ಎಂದರೆ ವಾಕ್ಯ ಮುಗಿಯಿತು, ಇಂಗ್ಲಿಷ್‌ನಲ್ಲಿ ಕರ್ತೃವಿಲ್ಲದೆ ವಾಕ್ಯ ನಿಲ್ಲದು. ಹೊತ್ತು, ಹವಾಮಾನದ ಮಾತಿಗೆ ‘ಇಟ್’ ಸೇರಿಸಿ: ‘ಇಟ್ ಈಸ್ ಗೆಟಿಂಗ್ ಡಾರ್ಕ್’.

ನಾವು ದಿನಾ ಆಡುವ ಕನ್ನಡದಲ್ಲೇ ಇಂಗ್ಲಿಷ್ ಪದಗಳು ‘ಆಗು’ ಜೊತೆ ಸೇರಿಕೊಂಡಿರುವುದು ಇನ್ನೊಂದು ತೊಡಕು. ಬೋರ್ ಆಯ್ತು, ಕನ್‌ಫ್ಯೂಸ್ ಆಯ್ತು, ಸೆಲೆಕ್ಟ್ ಆದ, ಟ್ರಾನ್ಸ್‌ಫರ್ ಆಯ್ತು. ಕನ್ನಡ ಇಲ್ಲಿ ಇಂಗ್ಲಿಷ್ ಕ್ರಿಯಾಪದದ ಮೂಲರೂಪವನ್ನಷ್ಟೇ ತೆಗೆದುಕೊಂಡಿದೆ, ‘ಆಗು’ ಉಳಿದ ಕೆಲಸ ಮಾಡುತ್ತದೆ. ಹೀಗಾಗಿ ‘ಐ ಗಾಟ್ ಕನ್‌ಫ್ಯೂಸ್’, ‘ಹಿ ಗಾಟ್ ಸೆಲೆಕ್ಟ್’ ಎಂದು ಹೇಳಿಬಿಡುತ್ತೇವೆ. ಗೆಟ್ ಮುಂದೆ ಬೇಕಾದ್ದು ಶಾಲೆಯಲ್ಲಿ ವಿ-3 ಎಂದು ಕಲಿಸುವ ರೂಪ: ಬೋರ್ಡ್, ಕನ್‌ಫ್ಯೂಸ್ಡ್, ಸೆಲೆಕ್ಟೆಡ್, ಟ್ರಾನ್ಸ್‌ಫರ್ಡ್. ‘ಡ್’ ಬದಲು ‘ಇಂಗ್’ ಹಾಕಿದರೆ ಅರ್ಥವೇ ಕೆಡುತ್ತದೆ. ‘ಐ ಆ್ಯಮ್ ಗೆಟಿಂಗ್ ಬೋರ್ಡ್’ ಎಂದರೆ ನನಗೆ ಬೇಜಾರಾಗುತ್ತಿದೆ, ‘ಐ ಆ್ಯಮ್ ಗೆಟಿಂಗ್ ಬೋರಿಂಗ್’ ಎಂದರೆ ನನ್ನ ಮಾತು ಕೇಳಿ ಬೇರೆಯವರಿಗೆ ಬೇಜಾರಾಗುತ್ತಿದೆ.

ಸಿಟ್ಟು, ನಿದ್ದೆ, ಹಸಿವುಗಳಲ್ಲಿ ಇನ್ನೊಂದು ಅಡ್ಡಗಾಲು. ಕನ್ನಡದಲ್ಲಿ ಇವು ನಾಮಪದಗಳು, ‘ಬರು’, ‘ಆಗು’ ಜೊತೆ ನಡೆಯುತ್ತವೆ. ಇಂಗ್ಲಿಷ್‌ನಲ್ಲಿ ಗೆಟ್ ಕೇಳುವುದು ಗುಣವಾಚಕವನ್ನು. ‘ನಿದ್ದೆ ಬರ್ತಿದೆ’ ಎನ್ನಲು ‘ಗೆಟಿಂಗ್ ಸ್ಲೀಪ್’ ಅಲ್ಲ, ‘ಗೆಟಿಂಗ್ ಸ್ಲೀಪಿ’. ‘ಸಿಟ್ಟು ಬಂತು’ ಎನ್ನಲು ‘ಗಾಟ್ ಆ್ಯಂಗರ್’ ಅಲ್ಲ, ‘ಗಾಟ್ ಆ್ಯಂಗ್ರಿ’. ಹಸಿವಿಗೆ ‘ಹಂಗ್ರಿ’. ಟೆನ್ಷನ್ನಿಗೆ ‘ಟೆನ್ಸ್’, ಇನ್ನೂ ಸಹಜವಾಗಿ ಹೇಳಬೇಕೆಂದರೆ ‘ವರೀಡ್’.

‘ಆಗು’ ಕಂಡಲ್ಲೆಲ್ಲ ಗೆಟ್ ಹಾಕಲು ಬರುವುದಿಲ್ಲ. ಡಾಕ್ಟರ್ ಆದಳು, ಮಂತ್ರಿ ಆದರು ಎಂಬಲ್ಲಿ ‘ಆಗು’ ಹಿಂದೆ ನಾಮಪದವಿದೆ, ಅಲ್ಲಿ ‘ಬಿಕಮ್’ ಮಾತ್ರ. ‘ಶಿ ಗಾಟ್ ಎ ಡಾಕ್ಟರ್’ ಎಂದರೆ ಆಕೆ ಡಾಕ್ಟರನ್ನು ಕರೆತಂದಳು ಎಂದಾಗುತ್ತದೆ. ಕೆಡುವ ಸ್ಥಿತಿಗಳಿಗೆ ಇಂಗ್ಲಿಷ್ ‘ಗೋ’ ಬಳಸುತ್ತದೆ, ಕನ್ನಡದಲ್ಲೂ ‘ಹೋಗು’ ಇದೇ ಕೆಲಸ ಮಾಡುವುದರಿಂದ ನೆನಪಿಡುವುದು ಸುಲಭ: ಹಾಲು ಕೆಟ್ಟುಹೋಯಿತು, ‘ದ ಮಿಲ್ಕ್ ವೆಂಟ್ ಬ್ಯಾಡ್’. ತಲೆ ಬೋಳಾಗುವುದು, ಕಣ್ಣು ಕುರುಡಾಗುವುದು, ಕೂದಲು ನರೆಯುವುದು ಎಲ್ಲಕ್ಕೂ ಗೋ. ನಿದ್ದೆ ಹೋಗಲು ‘ಫಾಲ್ ಅಸ್ಲೀಪ್’. ವಯಸ್ಸು 40 ಆಗಲು ‘ಟರ್ನ್’.

ವಿ-3 ಬಂದಾಗ ಕರ್ಮಣಿ ಪ್ರಯೋಗವೂ ಗೆಟ್‌ನಿಂದ ಆಗುತ್ತದೆ. ‘ಹಿ ವಾಸ್ ಟ್ರಾನ್ಸ್‌ಫರ್ಡ್’ ಮತ್ತು ‘ಹಿ ಗಾಟ್ ಟ್ರಾನ್ಸ್‌ಫರ್ಡ್’ ಎರಡೂ ಸರಿ. ಗೆಟ್ ಇರುವುದು ಮಾತಿನ ಶೈಲಿ, ಅಚಾನಕ್ಕಾಗಿ ಅಥವಾ ಅನುಭವಿಸುವಂತೆ ಏನೋ ನಡೆಯಿತು ಎಂಬ ಧ್ವನಿ ಅದಕ್ಕಿದೆ: ಸಿಕ್ಕಿಬಿದ್ದ, ಗಾಯವಾಯ್ತು, ಕೆಲಸ ಹೋಯ್ತು. ಮೆಲ್ಲಗೆ, ಯೋಜನೆಯಂತೆ ಆದ ಕೆಲಸಕ್ಕೆ ಅದು ಒಗ್ಗದು. ವಿಧಾನಸೌಧ 1956ರಲ್ಲಿ ‘ಗಾಟ್ ಕಂಪ್ಲೀಟೆಡ್’ ಎಂದು ಬರೆದರೆ ಹಗುರವಾಗಿ ಕೇಳಿಸುತ್ತದೆ, ‘ವಾಸ್ ಕಂಪ್ಲೀಟೆಡ್’ ಎಂದೇ ಬರೆಯಬೇಕು. ಪ್ರಶ್ನೆಗೆ ‘ಡಿಡ್’ ಬೇಕು ಎನ್ನುವುದನ್ನೂ ಮರೆಯಬೇಡಿ: ‘ಡಿಡ್ ಹಿ ಗೆಟ್ ಟ್ರಾನ್ಸ್‌ಫರ್ಡ್?’ ಮದುವೆಗೆ ‘ಗಾಟ್ ಮ್ಯಾರೀಡ್ ಟು’, ‘ವಿತ್’ ಅಲ್ಲ. ‘ಈಸ್ ಮ್ಯಾರೀಡ್’ ಎಂದರೆ ಮದುವೆಯಾಗಿದೆ ಎಂಬ ಸ್ಥಿತಿ, ‘ಗಾಟ್ ಮ್ಯಾರೀಡ್’ ಎಂದರೆ ಮದುವೆ ನಡೆದ ಘಟನೆ.

ಮುಂದೆ ಜಾಗ ಬಂದರೆ: ಸೇರು, ತಲುಪು

ಇದು ಚಿಕ್ಕ ವಿಷಯ. ಊರು, ಆಫೀಸು, ಸ್ಟೇಷನ್ ಇದ್ದರೆ ನಡುವೆ ‘ಟು’ ಬೇಕು: ‘ಗೆಟ್ ಟು ಮೈಸೂರು’. ಹೋಮ್, ಹಿಯರ್, ದೇರ್ ಇವಕ್ಕೆ ‘ಟು’ ಬೇಡ: ‘ಗೆಟ್ ಹೋಮ್’. ‘ರೀಚ್’ ಪದಕ್ಕೆ ಎಲ್ಲೂ ‘ಟು’ ಬೇಡ. ‘ಮನೆಗೆ’ ಎಂಬುದರಲ್ಲಿರುವ ‘ಗೆ’ ನಮ್ಮನ್ನು ಎರಡು ಕಡೆಯೂ ತಪ್ಪಿಸುತ್ತದೆ.

ಮಾಡಿಸು, ಹೊಲಿಸು, ಕೀಳಿಸು

ಕನ್ನಡದಲ್ಲಿ ‘ಇಸು’ ಎಂಬ ಪ್ರತ್ಯಯ ಒಂದೇ ಏಟಿಗೆ ಹೇಳುವುದನ್ನು ಇಂಗ್ಲಿಷ್ ಗೆಟ್ ಹಾಕಿ ಹೇಳುತ್ತದೆ. ಹೊಲಿದೆ ಎಂದರೆ ಸೂಜಿ ನನ್ನ ಕೈಯಲ್ಲಿತ್ತು, ಹೊಲಿಸಿದೆ ಎಂದರೆ ಟೈಲರ್ ಕೈಯಲ್ಲಿತ್ತು. ಈ ಭೇದವನ್ನು ಇಂಗ್ಲಿಷ್‌ನಲ್ಲಿ ಬಿಟ್ಟುಬಿಟ್ಟರೆ ಕೇಳುವವರು ತಪ್ಪು ತಿಳಿಯುತ್ತಾರೆ. ‘ಐ ರಿಪೇರ್ಡ್ ಮೈ ಬೈಕ್’ ಎಂದರೆ ಸ್ಪ್ಯಾನರ್ ಹಿಡಿದವರು ನೀವೇ. ‘ಐ ಪುಲ್ಡ್ ಔಟ್ ಮೈ ಟೂತ್’ ಎಂದರೆ ಎದುರಿಗಿದ್ದವರು ಗಾಬರಿಯಾಗುತ್ತಾರೆ.

ಜೋಡಣೆ ಹೀಗಿರಬೇಕು:

1. ಮೊದಲು ಮಾಡಿಸಿದವರು: ಐ.
2. ಆಮೇಲೆ ಗೆಟ್, ಕಾಲಕ್ಕೆ ತಕ್ಕ ರೂಪದಲ್ಲಿ: ಮಾಡಿಸಿದೆ ಎನ್ನಲು ‘ಗಾಟ್’, ಮಾಡಿಸ್ತೀನಿ ಎನ್ನಲು ‘ವಿಲ್ ಗೆಟ್’, ಮಾಡಿಸ್ತಿದ್ದೀನಿ ಎನ್ನಲು ‘ಆ್ಯಮ್ ಗೆಟಿಂಗ್’, ಮಾಡಿಸಬೇಕು ಎನ್ನಲು ‘ನೀಡ್ ಟು ಗೆಟ್’.
3. ಆಮೇಲೆ ವಸ್ತು: ಎ ಬ್ಲೌಸ್.
4. ಕೊನೆಗೆ ಕೆಲಸದ ವಿ-3: ಸ್ಟಿಚ್ಡ್. ಕಾಲ ಯಾವುದಾದರೂ ಈ ರೂಪ ಬದಲಾಗದು.

‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’. ಸಾಮಾನ್ಯ ತಪ್ಪು ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆ ಅದಲು ಬದಲಾಗುವುದು: ‘ಐ ಗಾಟ್ ಸ್ಟಿಚ್ಡ್ ಎ ಬ್ಲೌಸ್’. ಇಂಗ್ಲಿಷ್‌ನಲ್ಲಿ ಕ್ರಿಯಾಪದದ ನಂತರವೇ ಕರ್ಮ ಬರಬೇಕು ಎಂದು ಶಾಲೆಯಲ್ಲಿ ಕಲಿತ ಸೂತ್ರವೇ ಇದಕ್ಕೆ ಕಾರಣ. ಸೂತ್ರವೇನೋ ಸರಿ, ಆದರೆ ಇಲ್ಲಿ ಕ್ರಿಯಾಪದದ ಜಾಗದಲ್ಲಿ ಕೂತಿರುವುದು ಗೆಟ್, ಸ್ಟಿಚ್ಡ್ ಅಲ್ಲ. ವಿಚಿತ್ರವೆಂದರೆ ಈ ಒಂದು ಕಡೆ ಕನ್ನಡದ ಕ್ರಮವೇ ನೆರವಿಗೆ ಬರುತ್ತದೆ: ಬ್ಲೌಸ್ ಮೊದಲು, ಹೊಲಿಗೆ ಆಮೇಲೆ.

ಕೊನೆಯಲ್ಲಿ ‘ಇಸು’ ಇದ್ದ ಮಾತ್ರಕ್ಕೆ ಗೆಟ್ ಹಾಕಬೇಡಿ. ‘ಕತ್ತರಿಸು’, ‘ಪ್ರೀತಿಸು’, ‘ಗಮನಿಸು’ ಇವು ನಾವೇ ಮಾಡುವ ಕೆಲಸಗಳು. ಪ್ರತ್ಯಯ ನೋಡುವ ಬದಲು ಬೇರೆಯವರ ಕೈ ಇದೆಯೋ ಇಲ್ಲವೋ ನೋಡಿ. ಕ್ಷೌರದಂಗಡಿಯಿಂದ ಬಂದವರು ‘ಐ ಗಾಟ್ ಮೈ ಹೇರ್ ಕಟ್’ ಅನ್ನಬೇಕು, ಕನ್ನಡದಲ್ಲಿ ಅದನ್ನು ‘ಕಟಿಂಗ್ ಮಾಡಿಸ್ದೆ’ ಎನ್ನುತ್ತೇವಲ್ಲ. ಮನೆ ಕಟ್ಟಿಸುವುದು ಮಾತ್ರ ಇಲ್ಲಿ ಹೊರತು. ಇಂಗ್ಲಿಷ್ ಮಾತಾಡುವವರು ಮೇಸ್ತ್ರಿಯಿಂದ ಕಟ್ಟಿಸಿದ್ದಕ್ಕೂ ‘ವಿ ಬಿಲ್ಟ್ ಎ ಹೌಸ್’ ಎನ್ನುವುದುಂಟು.

ಮಾಡಿದವರ ಹೆಸರು ಹೇಳಬೇಕಾದಾಗ ಜೋಡಣೆ ಬದಲಾಗುತ್ತದೆ. ಗೆಟ್, ಮನುಷ್ಯ, ‘ಟು’, ಆಮೇಲೆ ಕ್ರಿಯಾಪದದ ಮೂಲರೂಪ. ‘ಮಗನ ಕೈಲಿ ಫಾರ್ಮ್ ತುಂಬಿಸ್ದೆ’ ಎನ್ನಲು ‘ಐ ಗಾಟ್ ಮೈ ಸನ್ ಟು ಫಿಲ್ ಇನ್ ದ ಫಾರ್ಮ್’. ಇದೇ ಕೆಲಸ ಮಾಡುವ ‘ಮೇಕ್’, ‘ಹ್ಯಾವ್’ ಪದಗಳಿಗೆ ‘ಟು’ ಬೇಡ, ಗೆಟ್‌ಗೆ ಬೇಕೇ ಬೇಕು. ಮೂರರ ಧಾಟಿಯೂ ಬೇರೆ. ಮೇಕ್‌ನಲ್ಲಿ ಒತ್ತಾಯವಿದೆ. ಹ್ಯಾವ್‌ನಲ್ಲಿ ಕೆಲಸ ಒಪ್ಪಿಸುವ ಅಧಿಕಾರವಿದೆ. ಗೆಟ್‌ನಲ್ಲಿ ಹೇಳಿ, ಕಾಡಿ, ಪುಸಲಾಯಿಸಿ ಒಪ್ಪಿಸಿದ ಶ್ರಮವಿದೆ. ಮಗುವಿಗೆ ಊಟ ಮಾಡಿಸಿದ ತಾಯಿಗೆ ಸರಿಹೊಂದುವುದು ಗೆಟ್.

ಮುಂದೆ ‘ಟು’ ಮತ್ತು ಕ್ರಿಯಾಪದ ಬಂದರೆ

‘ಐ ಗಾಟ್ ಟು ಮೀಟ್ ಹರ್’ ಎಂದರೆ ಆಕೆಯನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಎಂದರೆ ಭೇಟಿಯಾಗಲೇಬೇಕು. ಒಂದರಲ್ಲಿ ಸಂತೋಷ, ಇನ್ನೊಂದರಲ್ಲಿ ಕಟ್ಟುಪಾಡು, ನಡುವೆ ಇರುವುದು ‘ಹ್ಯಾವ್’ ಮಾತ್ರ. ಸಿನಿಮಾಗಳಲ್ಲಿ ಕೇಳುವ ‘ಗಾಟಾ’ ಈ ಎರಡನೆಯದರ ಸವೆದ ರೂಪ, ಬರವಣಿಗೆಗೆ ತರಬೇಡಿ.

‘ಗೊತ್ತಾಯ್ತು’ ಎನ್ನಲು ‘ಗಾಟ್ ಟು ನೋ’ ಎನ್ನುವುದು ನಮ್ಮಲ್ಲಿ ರೂಢಿ. ಬ್ರಿಟನ್, ಅಮೆರಿಕಗಳ ಬಳಕೆಯಲ್ಲಿ ‘ಗೆಟ್ ಟು ನೋ’ ಎಂದರೆ ಒಬ್ಬರನ್ನು ಒಡನಾಟದಿಂದ ನಿಧಾನವಾಗಿ ಅರಿಯುವುದು. ಸುದ್ದಿ ತಿಳಿದದ್ದಕ್ಕೆ ‘ಐ ಹರ್ಡ್’, ವಿಚಾರಿಸಿ ತಿಳಿದದ್ದಕ್ಕೆ ‘ಐ ಫೌಂಡ್ ಔಟ್’.

‘ಯೂಸ್ಡ್ ಟು’ ಜೊತೆ ಗೆಟ್ ಸೇರಿದರೆ ‘ಅಭ್ಯಾಸವಾಯ್ತು’, ಸೇರದಿದ್ದರೆ ‘ಮೊದಲು ಮಾಡ್ತಿದ್ದೆ, ಈಗಿಲ್ಲ’. ‘ಐ ಗಾಟ್ ಯೂಸ್ಡ್ ಟು ಡ್ರೈವಿಂಗ್’ ಎಂದರೆ ಗಾಡಿ ಓಡಿಸುವುದು ರೂಢಿಯಾಯಿತು. ‘ಐ ಯೂಸ್ಡ್ ಟು ಡ್ರೈವ್’ ಎಂದರೆ ಓಡಿಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ಮೊದಲನೆಯದರಲ್ಲಿ ‘ಇಂಗ್’ ಇದೆ, ಎರಡನೆಯದರಲ್ಲಿ ಇಲ್ಲ. ಸಂದರ್ಶನದಲ್ಲಿ ಇದನ್ನು ತಿರುಗುಮುರುಗು ಮಾಡಿದರೆ ಬರುವ ಕೆಲಸವೂ ಬರಲ್ಲ ಎಂದಂತಾಗುತ್ತದೆ.

‘ಅರ್ಥವಾಯ್ತು’ ಮತ್ತು ‘ನನ್ನ ಹತ್ರ ಇದೆ’

ಅರ್ಥವಾಗು ಎಂಬ ಅರ್ಥದಲ್ಲಿ ಗೆಟ್ ‘ಇಂಗ್’ ರೂಪಕ್ಕೆ ಬರುವುದಿಲ್ಲ. ‘ಐ ಆ್ಯಮ್ ನಾಟ್ ಗೆಟಿಂಗ್ ಯು’, ‘ಆರ್ ಯು ಗೆಟಿಂಗ್ ಮಿ?’ ಎಂಬುದು ‘ಅರ್ಥ ಆಗ್ತಿಲ್ಲ’, ‘ಅರ್ಥ ಆಗ್ತಿದೆಯಾ’ ಎಂಬುದರ ನೇರ ನಕಲು. ‘ಐ ಡೋಂಟ್ ಗೆಟ್ ಇಟ್’ ಎನ್ನಿ. ಹಿರಿಯರೊಡನೆ, ಆಫೀಸಿನಲ್ಲಿ ‘ಐ ಡೋಂಟ್ ಕ್ವೈಟ್ ಫಾಲೋ’ ಮೃದು.

‘ಹ್ಯಾವ್ ಗಾಟ್’ ಎಂದರೆ ಇದೆ, ಅಷ್ಟೇ. ‘ಐ ಹ್ಯಾವ್ ಗಾಟ್ ಟೂ ಸಿಸ್ಟರ್ಸ್’ ಎಂದರೆ ನನಗೆ ಇಬ್ಬರು ಅಕ್ಕತಂಗಿಯರಿದ್ದಾರೆ. ಪ್ರಶ್ನೆ ‘ಹ್ಯಾವ್ ಯು ಗಾಟ್ ಎ ಪೆನ್?’ ಅಥವಾ ‘ಡು ಯು ಹ್ಯಾವ್ ಎ ಪೆನ್?’ ಎರಡನ್ನೂ ಬೆರೆಸಿದ ‘ಡು ಯು ಹ್ಯಾವ್ ಗಾಟ್’ ಇಲ್ಲ. ಹಿಂದೆ ಇತ್ತು ಎನ್ನಲು ಬರಿ ‘ಹ್ಯಾಡ್’ ಸಾಕು.

‘ಗಾಟನ್’ ತಪ್ಪೇ ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಅದು ಬಳಕೆಯಲ್ಲಿರುವ ವಿ-3. ಅಲ್ಲಿ ‘ಹ್ಯಾವ್ ಗಾಟನ್’ ಎಂದರೆ ಸಿಕ್ಕಿದೆ ಅಥವಾ ಆಗಿದೆ, ‘ಹ್ಯಾವ್ ಗಾಟ್’ ಎಂದರೆ ಇದೆ. ಬ್ರಿಟನ್ನಿನ ಇಂದಿನ ಬಳಕೆಯಲ್ಲಿ ಮತ್ತು ನಮ್ಮ ಶಾಲೆಯ ಇಂಗ್ಲಿಷ್‌ನಲ್ಲಿ ಎರಡಕ್ಕೂ ಗಾಟ್ ಒಂದೇ. ಯಾವುದಾದರೂ ಸರಿ, ಒಂದೇ ಪತ್ರದಲ್ಲಿ ಎರಡನ್ನೂ ಕಲಸಬೇಡಿ.

ಹತ್ತು, ಇಳಿ ಮತ್ತು ಇತರೆ ಜೋಡಿಗಳು

ಬಸ್ಸಿಂದ ಇಳಿಯಲು ‘ಗೆಟ್ ಡೌನ್’ ಎನ್ನುವುದು ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರದೇಶದಲ್ಲಿ ಗೆಟ್ ಡೌನ್ ಸಲ್ಲುವುದು ಏಣಿ, ಮರ, ಗೋಡೆ ಇಳಿಯಲು. ವಾಹನಕ್ಕೆ ಒಂದು ಸುಲಭ ಪರೀಕ್ಷೆ: ಒಳಗೆ ಎದ್ದು ನಿಂತು ಓಡಾಡಬಹುದಾದರೆ ಹತ್ತಲು ‘ಗೆಟ್ ಆನ್’, ಇಳಿಯಲು ‘ಗೆಟ್ ಆಫ್’. ಬಸ್ಸು, ರೈಲು, ವಿಮಾನ, ಹಡಗು ಇದರಲ್ಲಿ ಬರುತ್ತವೆ. ಮೇಲೆ ಕೂರುವ ಸೈಕಲ್ಲು, ಬೈಕು, ಕುದುರೆಗೂ ಇದೇ. ಬಗ್ಗಿ ಒಳಗೆ ತೂರಿ ಕೂರಬೇಕಾದ ಕಾರು, ಆಟೊಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’.

ಎಚ್ಚರವಾಗುವುದು ‘ವೇಕ್ ಅಪ್’, ಹಾಸಿಗೆ ಬಿಟ್ಟು ಏಳುವುದು ‘ಗೆಟ್ ಅಪ್’. ಭಾನುವಾರ ಎರಡರ ನಡುವೆ ಒಂದು ಗಂಟೆ ಇರಬಹುದು. ಫೋನ್ ಲೈನ್ ಸಿಗದಿದ್ದರೆ ‘ಐ ಕಾಂಟ್ ಗೆಟ್ ಥ್ರೂ’. ಆಮೇಲೆ ತಿಳಿಸುತ್ತೇನೆ ಎನ್ನಲು ‘ಐ ವಿಲ್ ಗೆಟ್ ಬ್ಯಾಕ್ ಟು ಯು’, ನಮ್ಮ ಆಫೀಸುಗಳ ‘ರಿವರ್ಟ್’ ಹೊರದೇಶದವರಿಗೆ ಹಿಂದಿನ ಸ್ಥಿತಿಗೆ ಮರಳುವುದು ಎಂದು ಕೇಳಿಸೀತು. ನೆಗಡಿಯಿಂದ ಚೇತರಿಸಿಕೊಳ್ಳಲು ‘ಗೆಟ್ ಓವರ್’. ಅತ್ತೆ ಸೊಸೆ ಹೊಂದಿಕೊಂಡು ಹೋಗಲು ‘ಗೆಟ್ ಅಲಾಂಗ್ ವಿತ್’. ಇದ್ದುದರಲ್ಲೇ ಹೇಗೋ ಸಂಸಾರ ತೂಗಿಸಲು ‘ಗೆಟ್ ಬೈ’. ಇಲಿ, ಜಿರಳೆ ತೊಲಗಿಸಲು ‘ಗೆಟ್ ರಿಡ್ ಆಫ್’. ತಪ್ಪು ಮಾಡಿಯೂ ಶಿಕ್ಷೆಯಾಗದೆ ನುಣುಚಿಕೊಳ್ಳಲು ‘ಗೆಟ್ ಅವೇ ವಿತ್’.

ಅರ್ಜಿ, ವರದಿಗಳಲ್ಲಿ

ಬರವಣಿಗೆಯಲ್ಲಿ ಗೆಟ್ ಕಡಿಮೆ ಮಾಡಿ ಎಂಬ ಸಲಹೆ ಸರಿ. ಆದರೆ ಎಲ್ಲ ಗೆಟ್‌ಗೂ ಒಂದೇ ಬದಲಿ ಹಾಕಿದರೆ ‘ಐ ಆಬ್ಟೇನ್ಡ್ ಟಯರ್ಡ್’ ಎಂಬಂಥ ವಾಕ್ಯ ಹುಟ್ಟುತ್ತದೆ. ಬದಲಿಯನ್ನೂ ಮುಂದಿನ ಪದ ನೋಡಿಯೇ ಆರಿಸಬೇಕು. ಬಂದ ಪತ್ರಕ್ಕೆ ‘ರಿಸೀವ್’, ಪ್ರಯತ್ನಪಟ್ಟು ಪಡೆದ ಪ್ರಮಾಣಪತ್ರಕ್ಕೆ ‘ಆಬ್ಟೇನ್’, ಸ್ಥಿತಿಗೆ ‘ಬಿಕಮ್’, ಜಾಗಕ್ಕೆ ‘ರೀಚ್’, ಕರ್ಮಣಿಗೆ ‘ವಾಸ್’. ಮಾಡಿಸುವ ಅರ್ಥಕ್ಕೆ ‘ಹ್ಯಾವ್’: ‘ಐ ಹ್ಯಾಡ್ ದ ಡಾಕ್ಯುಮೆಂಟ್ಸ್ ಅಟೆಸ್ಟೆಡ್’. ಪರಿಚಿತರ ಈಮೇಲ್, ವಾಟ್ಸಾಪ್‌ಗಳಲ್ಲಿ ಗೆಟ್ ತೆಗೆಯುವ ಗೋಜಿಗೇ ಹೋಗಬೇಡಿ. ತೆಗೆದರೆ ಸರ್ಕಾರಿ ನೋಟಿಸಿನಂತೆ ಕಾಣುತ್ತದೆ.

ಅಭ್ಯಾಸಕ್ಕೆ ಆರು

ಈ ವಾಕ್ಯಗಳನ್ನು ಮೊದಲು ನೀವೇ ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ಎಲ್ಲದಕ್ಕೂ ಗೆಟ್ ಬರುವುದಿಲ್ಲ.

1. ಗಾಡಿ ಸರ್ವಿಸ್ ಮಾಡಿಸಬೇಕು.
2. ಈ ಊರಲ್ಲಿ ಬಾಡಿಗೆ ಮನೆ ಸಿಗೋದೇ ಇಲ್ಲ.
3. ಮಳೇಲಿ ನೆನೆದುಬಿಟ್ವಿ.
4. ಅಕ್ಕನ ಮಗಳು ಲಾಯರ್ ಆದ್ಲು.
5. ಅಜ್ಜಿಗೆ ಮೊಬೈಲ್ ಅಭ್ಯಾಸ ಆಗಿದೆ.
6. ಆಟೊ ಇಳಿದ ತಕ್ಷಣ ಫೋನ್ ಮಾಡು.

ಉತ್ತರಗಳು: ಒಂದು, ‘ಐ ನೀಡ್ ಟು ಗೆಟ್ ಮೈ ಬೈಕ್ ಸರ್ವಿಸ್ಡ್’. ಎರಡು, ‘ಯು ಜಸ್ಟ್ ಕಾಂಟ್ ಗೆಟ್ ಎ ಹೌಸ್ ಟು ರೆಂಟ್ ಇನ್ ದಿಸ್ ಟೌನ್’. ಮೂರು, ‘ವಿ ಗಾಟ್ ವೆಟ್ ಇನ್ ದ ರೇನ್’, ತೊಪ್ಪೆಯಾಗಿದ್ದರೆ ‘ಸೋಕ್ಡ್’. ನಾಲ್ಕು, ‘ಮೈ ನೀಸ್ ಬಿಕೇಮ್ ಎ ಲಾಯರ್’. ಇಲ್ಲಿ ‘ಗಾಟ್’ ಹಾಕಿದ್ದರೆ ಅವಳು ಕೇಸಿಗೆ ಲಾಯರ್ ಹಿಡಿದಳು ಎಂದಾಗುತ್ತಿತ್ತು. ಐದು, ‘ಮೈ ಗ್ರ್ಯಾಂಡ್‌ಮದರ್ ಹ್ಯಾಸ್ ಗಾಟ್ ಯೂಸ್ಡ್ ಟು ದ ಮೊಬೈಲ್’, ಅಮೆರಿಕದಲ್ಲಿ ‘ಗಾಟನ್’. ಆರು, ‘ಕಾಲ್ ಮಿ ಆ್ಯಸ್ ಸೂನ್ ಆ್ಯಸ್ ಯು ಗೆಟ್ ಔಟ್ ಆಫ್ ದಿ ಆಟೊ’. ಬಸ್ಸಾಗಿದ್ದರೆ ‘ಗೆಟ್ ಆಫ್’.